ಮೀನಿಗೆ ಎರಡು ಕ್ರೆಡಿಟ್

"ಶುಕ್ರವಾರದೊಳಗೆ ಮಗಳ ಕಾಲೇಜಿನ ಫಾರ್ಮ್ ಕೊಟ್ಟುಬಿಡಿ, ಮರೀಬೇಡಿ."

ನನ್ನ ಹೆಂಡತಿ ನನ್ನ ಹತ್ತಿರ ಆಡಿದ ಕೊನೆಯ ಮಾತು ಇದು. ಮಂಗಳವಾರ ಸಂಜೆ, ಆಸ್ಪತ್ರೆಯಲ್ಲಿ. ನಾನು ಹೂಂ ಎಂದು ಚಹಾ ತರಲು ಕೆಳಗೆ ಹೋದೆ. ಮೇಲೆ ಬಂದಾಗ ಅವಳು ಹೋಗಿಬಿಟ್ಟಿದ್ದಳು.

ಅವಳು ಎಸ್ಸೆಸ್ಸೆಲ್ಸಿ. ನಾನು ಐದನೇ ಕ್ಲಾಸು. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ, ಎಂಐಡಿಸಿ ಕಾರ್ಖಾನೆಗಳ ನಡುವಿನ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ದೋಸೆ ಕಾವಲಿಯ ಮುಂದೆ ನಿಂತಿದ್ದೇನೆ. ಮಗಳ ಶಾಲೆ, ಕಾಲೇಜು ಎಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ಅದು ನನ್ನ ತಲೆಗೆ ಬಂತು. ಅಂದಿನಿಂದ ಕಾಲೇಜಿನ ಬಾಬ್ತಿನಲ್ಲಿ ಒಂದಲ್ಲ ಒಂದು ಎಡವಟ್ಟು ಮಾಡಿಕೊಳ್ಳುತ್ತಲೇ ಇದ್ದೇನೆ. ಹೇಳಿದರೆ ಜನ ನಗುತ್ತಾರೆ. ನಗಲಿ. ನನಗೆ ಮಾತ್ರ ನಾಚಿಕೆ.

೧. ಮೊದಲನೇ ಸಾಲು

ಫಾರ್ಮ್ ಇಂಗ್ಲಿಷಿನಲ್ಲಿತ್ತು. ನನಗೆ ಕನ್ನಡ ಓದಲು ಬರುತ್ತದೆ, ಮರಾಠಿ ಬೋರ್ಡು ಕೂಡಿಸಿ ಕೂಡಿಸಿ ಓದುತ್ತೇನೆ. ಇಂಗ್ಲಿಷ್ ಇಲ್ಲ. ಮಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಎಬ್ಬಿಸಿ ಕೇಳಬಹುದಿತ್ತು. ಕೇಳಲಿಲ್ಲ. ಇಷ್ಟಾದರೂ ಅಪ್ಪ ಮಾಡಲಿ ಎಂದುಕೊಂಡೆ.

ಹೋಟೆಲಿನಲ್ಲಿ ನಮ್ಮದೊಂದು ಕ್ರಮ ಉಂಟು. ಆ ದಿನ ಯಾವುದು ತಾಜಾ, ಯಾವುದು ಚೆನ್ನಾಗಿ ಬಂದಿದೆ, ಅದನ್ನು ಬೋರ್ಡಿನ ಮೇಲಿನ ಸಾಲಿನಲ್ಲಿ ಬರೆಯುತ್ತೇವೆ. ನಿನ್ನೆಯ ಹಿಟ್ಟಿನದ್ದು ಕೆಳಗೆ. ಗೊತ್ತಿದ್ದ ಗಿರಾಕಿ ಕೆಳಗೆ ನೋಡುವುದೇ ಇಲ್ಲ. ಕಾಲೇಜಿನವರೂ ಹಾಗೆಯೇ ಬರೆದಿರುತ್ತಾರೆ ಎಂದುಕೊಂಡೆ. ಫಾರ್ಮಿನಲ್ಲಿ ಐದಾರು ಚೌಕ ಇದ್ದವು, ಒಂದೊಂದರಲ್ಲಿ ಒಂದೊಂದು ಪಟ್ಟಿ. ಎಲ್ಲದರಲ್ಲೂ ಮೊದಲನೇ ಸಾಲಿಗೆ ಗುರುತು ಹಾಕಿ ಶುಕ್ರವಾರ ಕೊಟ್ಟು ಬಂದೆ. ಸೂತಕ ಇತ್ತಲ್ಲ, ಕಿಟಕಿಯಿಂದ ಎರಡು ಅಡಿ ದೂರ ನಿಂತು ಕೈ ಚಾಚಿ ಕೊಟ್ಟೆ.

ಪಟ್ಟಿಯನ್ನು ಎ, ಬಿ, ಸಿ ಕ್ರಮದಲ್ಲಿ ಬರೆದಿದ್ದರಂತೆ. ಮಗಳದ್ದು ಬಿ.ಕಾಂ. ಈಗಿನ ಹೊಸ ಪದ್ಧತಿಯಲ್ಲಿ ಕಾಮರ್ಸಿನ ಮಕ್ಕಳು ಬೇರೆ ಕಡೆಯ ಒಂದು ವಿಷಯವನ್ನೂ ಓದಲೇಬೇಕು. ಆ ಚೌಕದಲ್ಲಿ ಎ ಅಕ್ಷರದ್ದು ಅಕ್ವಾಕಲ್ಚರ್. ಅಂದರೆ ಮೀನು ಸಾಕುವುದು.

ಮೊದಲ ಕ್ಲಾಸು ಮುಗಿಸಿ ಬಂದವಳು ಚಪ್ಪಲಿ ಬಿಡುತ್ತ ಹೇಳಿದಳು. "ಪಪ್ಪಾ, ಇಲ್ಲಿ ಮೀನು ತಿನ್ನದವರು ಯಾರಾದ್ರೂ ಇದ್ದೀರಾ ಅಂತ ಸರ್ ಕೇಳಿದ್ರು. ಪೂರೇ ಕ್ಲಾಸ್ ಮೇ ನಾನೊಬ್ಬಳೇ ಕೈ ಎತ್ತಿದ್ದು."

೨. ಕಿಟಕಿ ಮೇಡಂ

ವಿಷಯ ಬದಲಿಸಿ ಕೊಡಿ ಎಂದು ಕೇಳಲು ಹೋದೆ. ಆಫೀಸಿನ ಕಿಟಕಿಯಲ್ಲಿ ಒಬ್ಬ ಮರಾಠಿ ಮೇಡಂ. ಆಗುವುದಿಲ್ಲ, ದಿನ ಮುಗಿಯಿತು ಎಂದರು. ಬಿಟ್ಟುಬಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಎರಡು ಕ್ರೆಡಿಟ್ ಕಡಿಮೆ ಬೀಳುತ್ತದೆ, ಕಡಿಮೆ ಬಿದ್ದರೆ ಡಿಗ್ರಿ ಇಲ್ಲ ಎಂದರು.

ನಾನು ತಲೆ ಆಡಿಸಿದೆ. ಅರ್ಥ ಆಗಿಲ್ಲ ಎಂದು ಅವರಿಗೆ ಗೊತ್ತಾಯಿತು. ನಿಧಾನಕ್ಕೆ ಹೇಳಿದರು. ಇಷ್ಟು ಗಂಟೆ ಕ್ಲಾಸಿನಲ್ಲಿ ಕೂತು ಪಾಸಾದರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ ಅದರ ಇಮ್ಮಡಿ ಗಂಟೆ. ವರ್ಷಕ್ಕೆ ನಲವತ್ತನಾಲ್ಕು ಆಗಬೇಕು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್.

ಆಗ ನನಗೆ ಹೊಳೆಯಿತು. ನಮ್ಮಲ್ಲೂ ಹಾಗೆಯೇ ಮೇಡಂ ಎಂದೆ. ಎರಡು ವರ್ಷ ರುಬ್ಬುವ ಕಲ್ಲು, ಮೂರು ವರ್ಷ ಇಡ್ಲಿ, ಆಮೇಲೆ ಸಾಂಬಾರು, ಕೊನೆಗೆ ಕಾವಲಿ. ಯಾವುದನ್ನೂ ಹಾರಿಸುವ ಹಾಗಿಲ್ಲ. ಎಲ್ಲ ಮುಗಿಸಿದವ ಮಾಸ್ತರ. ಮೇಡಂ ಪೆನ್ನು ಕೆಳಗಿಟ್ಟರು. ಕಾಕಾ, ಸರಿಯಾಗಿ ತಿಳಿದುಕೊಂಡಿರಿ ಎಂದರು.

ನನಗೆ ಸ್ವಲ್ಪ ಹುಮ್ಮಸ್ಸು ಏರಿತು. ಹಾಗಾದರೆ ನನಗೆ ಎಷ್ಟು ಕ್ರೆಡಿಟ್ ಆಗಿರಬಹುದು ಎಂದು ಕೇಳಿಬಿಟ್ಟೆ. ಹಿಂದೆ ಸಾಲಿನಲ್ಲಿದ್ದವರೂ ಕಿವಿ ಕೊಟ್ಟರು.

"ಪರೀಕ್ಷೆ ಬರೆದಿದ್ದೀರಾ, ಕಾಕಾ?"

"ಇಲ್ಲ."

"ಹಾಗಾದರೆ ಸೊನ್ನೆ," ಎಂದು ಮೇಡಂ ಮುಂದಿನವರನ್ನು ಕರೆದರು.

೩. ಮಾಸಿಕದ ದಿನ

ಮೀನಿನ ಕ್ಲಾಸಿನಲ್ಲಿ ಪ್ರಾಕ್ಟಿಕಲ್ ಉಂಟಂತೆ. ಎರಡು ಗಪ್ಪಿ ಮೀನು ಕೊಟ್ಟು, ಮನೆಯಲ್ಲಿ ಸಾಕಿ ದಿನಾ ಬರೆದಿಡಿ ಎಂದಿದ್ದರು. ಮಗಳು ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿಯಲ್ಲಿ ಹಾಕಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಳು. ಅಲ್ಲಿ ಮಾತ್ರ ಬಿಸಿಲು ಬರುವುದು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಆ ವಿಷಯಕ್ಕೆ ಗುರುತು ಹಾಕಿಕೊಟ್ಟವನೇ ನಾನು.

ಎರಡಿದ್ದದ್ದು ತಿಂಗಳೊಳಗೆ ಹದಿನೆಂಟಾಯಿತು.

ಹೆಂಡತಿಯ ಮೂರನೇ ತಿಂಗಳ ಮಾಸಿಕ ಶ್ರಾದ್ಧಕ್ಕೆ ನೆರೂಳಿನಿಂದ ನನ್ನ ಅಕ್ಕ ಬಂದಳು. ಭಟ್ಟರೂ ಬಂದರು. ಭರಣಿಯನ್ನು ಬಚ್ಚಲಲ್ಲಿ ಅಡಗಿಸಿಡಬೇಕು ಎಂದುಕೊಂಡಿದ್ದೆ, ಮರೆತೆ. ಅಕ್ಕ ಒಳಗೆ ಹೋದವಳು ಹಾಗೆಯೇ ಹೊರಗೆ ಬಂದಳು.

"ಎಂತ ಮಾರಾಯ ಇದು, ಅಡುಗೆಮನೆಯಲ್ಲಿ ಮೀನು?"

"ಎರಡು ಕ್ರೆಡಿಟ್," ಎಂದೆ.

ಅಕ್ಕ ತಲೆಗೆ ಕೈ ಹಚ್ಚಿಕೊಂಡು ಕೂತಳು. ಇನ್ನು ಭಟ್ಟರು ಎದ್ದು ಹೋಗುತ್ತಾರೆ ಎಂದು ನಾನು ನೆಲ ನೋಡುತ್ತ ನಿಂತೆ. ಅವರು ಭರಣಿಯ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಪಿಂಡ ಬಿಡಲಿಕ್ಕೆ ರಿಕ್ಷಾ ಮಾಡಿಕೊಂಡು ಖಾಡಿಯ ಹಿನ್ನೀರಿನ ತನಕ ಹೋಗ್ಬೇಕಿತ್ತು," ಎಂದರು. "ಮೀನು ಮನೆಗೇ ಬಂದಿದೆ. ನಿಮ್ಮ ಕಾರ್ಯ ಬೇಗ ಮುಗೀತದೆ."

೪. ಬಿಡುವುದಕ್ಕೂ ಓದು

ಅಕ್ಕನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ತಾಯಿ ಇಲ್ಲದ ಹುಡುಗಿ, ನೀನು ನಸುಕಿಗೇ ಹೋಟೆಲಿಗೆ ಹೋಗುವವ, ಮನೆ ನೋಡುವವರು ಯಾರು ಎಂದಳು. ಕಲ್ಯಾಣದಲ್ಲಿ ಒಂದು ಒಳ್ಳೆಯ ಸಂಬಂಧ ಉಂಟು, ಹುಡುಗನಿಗೆ ಮಹಾಪೆಯ ಒಂದು ಕಂಪನಿಯಲ್ಲಿ ಕೆಲಸ, ಈಗ ಮಾತಾಡಿ ಇಡುವ, ಮದುವೆ ಆಮೇಲೆ. ಒಂದು ವರ್ಷಕ್ಕೇ ಸರ್ಟಿಫಿಕೇಟ್ ಕೊಡುತ್ತಾರಲ್ಲ, ಅಷ್ಟು ಸಾಕು.

ನಾನು ತಲೆ ಆಡಿಸಿದೆ. ಮಗಳನ್ನು ಕೇಳಲಿಲ್ಲ. ವರ್ಷದ ಕೊನೆಗೆ ಮುಂದುವರಿಸುತ್ತೀರಾ, ಬಿಡುತ್ತೀರಾ ಎಂಬ ಫಾರ್ಮ್ ಬಂತು. ಅದರ ಫೋಟೋ ನೋಡಿ, ಎಲ್ಲಿ ಗುರುತು ಹಾಕಬೇಕು ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಸಹಿ ಮಾಡಿ, ಮಧ್ಯಾಹ್ನ ಹೋಟೆಲಿನಿಂದ ಬರುವ ದಾರಿಯಲ್ಲಿ ಕೊಟ್ಟುಬಿಟ್ಟೆ.

ಕಿಟಕಿ ಮೇಡಂ ಅದನ್ನು ನೋಡಿ, ನನ್ನನ್ನು ನೋಡಿ, ಬಿಡಬೇಕಾದರೂ ರಜೆಯಲ್ಲಿ ಇನ್ನು ನಾಲ್ಕು ಕ್ರೆಡಿಟ್ ಮಾಡಬೇಕು ಕಾಕಾ, ಸುಮ್ಮನೆ ಬಿಡಲು ಆಗುವುದಿಲ್ಲ ಎಂದರು.

ನಮ್ಮ ಹೋಟೆಲಿನಲ್ಲಿ ಕೆಲಸ ಬಿಡುವವರು ಚಪ್ಪಲಿ ಹಾಕಿಕೊಳ್ಳುತ್ತಾರೆ, ಅಷ್ಟೇ.

೫. ಕಲ್ಯಾಣದ ಸಂಬಂಧ

ಅದೇ ಭಾನುವಾರ ಕಲ್ಯಾಣಕ್ಕೆ ಹೋದೆವು. ಅಕ್ಕ, ನಾನು, ಮಗಳು. ಸುಮ್ಮನೆ ಪರಿಚಯದವರ ಮನೆ ಎಂದು ಮಗಳಿಗೆ ಹೇಳಿದ್ದೆ. ಉಪ್ಪಿಟ್ಟು ಬಂದ ಮೇಲೆ ಅವಳಿಗೆ ಗೊತ್ತಾಯಿತು. ಮುಟ್ಟಲಿಲ್ಲ.

ಹುಡುಗನ ತಂದೆ ನಿವೃತ್ತರು, ಕುಂದಾಪುರದ ಕಡೆಯವರು. ಮಗಳು ಏನು ಓದುತ್ತಾಳೆ ಎಂದು ಕೇಳಿದರು. ನಾನು ಕಲಿತದ್ದನ್ನೆಲ್ಲ ಹೇಳಿದೆ. ನಲವತ್ತನಾಲ್ಕು ಕ್ರೆಡಿಟ್ ಆಗಿದೆ, ಒಂದರಲ್ಲೂ ಫೇಲಿಲ್ಲ, ಈಗ ಬಿಡಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳುತ್ತೇವೆ ಎಂದೆ. ಅವರಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ.

ಅವರು ಬಟ್ಟಲು ಕೆಳಗಿಟ್ಟರು. "ಫೇಲಿಲ್ಲದವಳನ್ನು ಯಾಕೆ ಬಿಡಿಸ್ತೀರಿ?"

"ನಿಮಗೆ ಅನುಕೂಲ ಆಗ್ಲಿ ಅಂತ," ಎಂದಳು ಅಕ್ಕ.

"ನಮಗೆಂತ ಅನುಕೂಲ? ನಮ್ಮ ಹುಡುಗ ಬಿ.ಕಾಂ. ಎರಡನೇ ವರ್ಷಕ್ಕೆ ಬಿಟ್ಟವ. ಆಗ ಬಿಟ್ಟವರಿಗೆ ಒಂದು ಕಾಗದವೂ ಇಲ್ಲ. ಮಹಾಪೆಯಲ್ಲಿ ಇವತ್ತಿಗೂ ಡಿಗ್ರಿ ಅಂದ ಕೂಡಲೇ ಮುಖ ಆಚೆ ತಿರುಗಿಸ್ತಾನೆ. ಮನೆಯಲ್ಲಿ ಒಬ್ಬರಾದ್ರೂ ಪೂರ್ತಿ ಓದಿದವರು ಇರ್ಲಿ ಅಂತ ನಾವು ಹುಡುಕ್ತಾ ಇದ್ದೇವೆ. ಅರ್ಧ ಬಿಟ್ಟವ ಒಬ್ಬ ಇದ್ದಾನೆ, ಸಾಕು."

ಹುಡುಗ ಮುಖ ಆಚೆ ತಿರುಗಿಸಿದ. ಅವನ ತಾಯಿ ಸೆರಗು ಅಡ್ಡ ಹಿಡಿದು ನಕ್ಕರು. ಆಮೇಲೆ ನನ್ನ ಮಗಳನ್ನು ಹತ್ತಿರ ಕೂರಿಸಿಕೊಂಡು, ನಿನಗೆ ಎಂತ ಓದಬೇಕಂತ ಉಂಟು ಮಗಾ ಎಂದು ಕೇಳಿದರು. ವರ್ಷದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ.

"ಮೀನು," ಎಂದಳು ಮಗಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

"ಅಮ್ಮ ಹೋದ ಮೇಲೆ ಎಲ್ಲ ಕ್ಲಾಸಲ್ಲೂ ಅಳು ಬರ್ತಿತ್ತು. ಮೀನಿನ ಕ್ಲಾಸಲ್ಲಿ ಮಾತ್ರ ಬರ್ಲಿಲ್ಲ."

ಕಲ್ಯಾಣದಿಂದ ವಾಪಸು ಬರುವ ಲೋಕಲ್ಲಿನಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಠಾಕುರ್ಲಿ ದಾಟುವಾಗ ಮಗಳು ಕೇಳಿದಳು, "ಪಪ್ಪಾ, ಬಿಡುವ ಫಾರ್ಮಿಗೆ ಸಹಿ ಹಾಕುವಾಗ ನೀವು ಓದಿದ್ರಾ?"

"ಆ ದಿನ ಕನ್ನಡಕ ಇರಲಿಲ್ಲ."

"ನಿಮಗೆ ಕನ್ನಡಕವೇ ಇಲ್ಲ, ಪಪ್ಪಾ."

ಮರುದಿನ ಬೆಳಿಗ್ಗೆ ಕಾವಲಿಯ ಸೌಟು ಇನ್ನೊಬ್ಬನ ಕೈಗೆ ಕೊಟ್ಟೆ. ಗಿರಾಕಿ ತುಂಬಿದ್ದ ಹೊತ್ತು, ಮೂವತ್ತು ವರ್ಷದಲ್ಲಿ ಹಾಗೆ ಬಿಟ್ಟು ಹೋದವನಲ್ಲ. ಆಫೀಸಿನ ಕಿಟಕಿ ತೆರೆಯುವ ಮುಂಚೆಯೇ ಹೋಗಿ ನಿಂತೆ. ಹಿಂದೆ ಏಳೆಂಟು ಜನ ತಾಯಂದಿರು ಸಾಲು ಹಚ್ಚಿದರು. ಮೇಡಂ ಬಂದು ಕೂತರು. ನಾನು ಕೊಟ್ಟ ಫಾರ್ಮ್ ವಾಪಸು ಕೊಡಿ, ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಓದದೆ ಸಹಿ ಹಾಕಿದ್ದೇನೆ ಎಂದೆ. ಗಾಜಿನ ಆಚೆ ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದರು.

ಜೋರಾಗಿ ಹೇಳಿದೆ.