ತೊಂಬತ್ತು ದಿನದ ಭಾವ

ತಿಂಗಳಿಗೊಮ್ಮೆಯಾದರೂ ನಾನು ಕುಮಟೆಯಿಂದ ಕರ್ಕಿಗೆ ಹೋಗಿ ಅಕ್ಕನ ಮನೆಯಲ್ಲಿ ಮುಖ ತೋರಿಸಿ ಬರುತ್ತೇನೆ. ಪ್ರೀತಿಯಿಂದ ಅಂದುಕೊಳ್ಳಬೇಡಿ, ಭಯದಿಂದ! ತೊಂಬತ್ತು ದಿನ ಹೋಗದಿದ್ದರೆ ನಮ್ಮ ಭಾವ ನನ್ನನ್ನೂ ಅಳಿಸಿ ಹಾಕಿಬಿಟ್ಟಾರು.

ಭಾವನ ಉದ್ಯೋಗವೇ ಅಂಥದ್ದು. ಹುಡುಕಿದ್ದು ತಟ್ಟನೆ ಸಿಗಲೆಂದು ಕಂಪನಿಗಳು ಕಂಪ್ಯೂಟರಿನಲ್ಲಿ ಸೂಚಿ ಮಾಡಿಟ್ಟಿರುತ್ತವಂತೆ. ಅದು ದಿನಾ ಬೆಳೆಯುತ್ತದೆ, ಜಾಗ ಸಾಲುವುದಿಲ್ಲ. ಹಾಗಾಗಿ ಹೊಸದು 'ಬಿಸಿ', ಕೈಗೆಟಕುವಲ್ಲಿ. ಸ್ವಲ್ಪ ಹಳತಾದರೆ 'ಬೆಚ್ಚಗೆ'. ಮತ್ತೂ ಹಳತಾದರೆ 'ತಣ್ಣಗೆ', ಮೂಲೆಗೆ. ಕೊನೆಗೆ ಅಳಿಸು. ಇದೆಲ್ಲ ತಂತಾನೇ ನಡೆಯುವಂತೆ ನಿಯಮ ಬರೆದಿಡುವುದು ಭಾವನ ಕೆಲಸ. ಮಹಡಿಯ ಕೋಣೆಯಲ್ಲಿ ಕೂತು ಬರೆದುಕೊಂಡಿದ್ದರೆ ಯಾರ ತಕರಾರೂ ಇರಲಿಲ್ಲ. ಆ ನಿಯಮ ಮೆಟ್ಟಿಲಿಳಿದು ಅಡುಗೆಮನೆಗೆ ಬಂತು ನೋಡಿ!

ಮನೆಯ ಯಾವ ಸಾಮಾನನ್ನೇ ಆಗಲಿ, ಮೂವತ್ತು ದಿನ ಮುಟ್ಟದಿದ್ದರೆ ಮೇಲಿನ ಶೆಲ್ಫು, ಅರವತ್ತಕ್ಕೆ ಅಟ್ಟ, ತೊಂಬತ್ತಕ್ಕೆ ಹೊರಗೆ. ನಡುವೆ ಮುಟ್ಟಿದರೆ ಮತ್ತೆ ಒಂದರಿಂದ ಶುರು. ಮೊದಲು ಹೋದದ್ದು ಕೊಡೆಗಳು. ತಿಂಗಳುಗಟ್ಟಲೆ ಯಾರೂ ಬಿಡಿಸಿಲ್ಲವೆಂದು ಮೇ ಕೊನೆಯಲ್ಲಿ ನಾಲ್ಕನ್ನೂ ಗುಜರಿಯವನಿಗೆ ಕೊಟ್ಟರು. ಜೂನಿನಲ್ಲಿ ಭಾವ ತಲೆಯ ಮೇಲೆ ಗೊಬ್ಬರದ ಚೀಲ ಹಾಕಿಕೊಂಡು ಹೊನ್ನಾವರ ಪೇಟೆ ಸುತ್ತಿದ್ದನ್ನು ನೋಡದವರಿಲ್ಲ.

ಆಗ ನಮ್ಮ ಅಮ್ಮ ಅಕ್ಕನ ಜೊತೆಗೇ ಇದ್ದಳು. ಬೇಸಿಗೆಯ ಶುರುವಿಗೆ ಭಟ್ಕಳದಿಂದ ಒಣಮೀನು ತಂದು ಡಬ್ಬ ತುಂಬಿಸಿದ್ದಳು. ಮಳೆಗಾಲದಲ್ಲಿ ದೋಣಿಗಳು ಕಡಲಿಗಿಳಿಯದ ದಿನಗಳಿಗೆ ಅದೇ ಗತಿ. ಅಲ್ಲಿಯವರೆಗೆ ಮುಟ್ಟಬಾರದು ಎಂದೇ ಇಟ್ಟದ್ದು! ನಿಯಮಕ್ಕೆ ಅದೆಲ್ಲಿ ಗೊತ್ತಾಗಬೇಕು? ತೊಂಬತ್ತೊಂದನೇ ದಿನ ಕೇರಿಯ ಬೆಕ್ಕುಗಳಿಗೆಲ್ಲ ಮದುವೆಯೂಟ. ಅಮ್ಮ ಬೈಯಲಿಲ್ಲ. ಮಳೆಗಾಲ ಪೂರ್ತಿ ಅಳಿಯನಿಗೆ ಹುರುಳಿ ಸಾರು ಬಡಿಸಿದಳು, ಅಷ್ಟೇ.

ಮರುವರ್ಷದಿಂದ ಅವಳು ಹುಷಾರಾದಳು. ಮೊಣಕಾಲು ನೋವು, ಮಹಡಿ ಹತ್ತಲಾಗದು. ವಾರಕ್ಕೊಮ್ಮೆ ಡಬ್ಬ ತಟ್ಟಿ ತನ್ನ ಮೊಬೈಲಿನಲ್ಲಿ ಮಾತಾಡಿ ಭಾವನ ಮೊಬೈಲಿಗೆ ಸ್ವರ ಕಳಿಸುತ್ತಿದ್ದಳು: "ಒಣಮೀನು ಮುಟ್ಟಿದ್ದೇನೆ, ಬರ್ಕೊಳ್ಳಿ." ದಿನಾ ಮಧ್ಯಾಹ್ನ ಇನ್ನೊಂದು: "ಅಳಿಯಂದಿರೇ, ಊಟ ತಣ್ಣಗಾಗ್ತದೆ, ಬನ್ನಿ." ಭಾವ ಮೊಬೈಲಿನದ್ದನ್ನೆಲ್ಲ ತಮ್ಮ ಕಂಪ್ಯೂಟರಿಗೆ ಹಾಕಿ, ಮೊಬೈಲು ಖಾಲಿ ಮಾಡುವವರು. ಅಲ್ಲಿಯೂ ಅದೇ ತೊಂಬತ್ತು ದಿನ.

ಅಮ್ಮ ಹೋಗಿ ವರ್ಷವಾಗುತ್ತ ಬಂತು. ಅವಳ ಸ್ವರ ಕೇಳುವ ಧೈರ್ಯ ಅಕ್ಕನಿಗೆ ಇಷ್ಟು ದಿನ ಬಂದಿರಲಿಲ್ಲ. ಈ ಸಲ ನಾನು ಹೋದಾಗ, ವರ್ಷಾಂತಿಕದ ಮೊದಲು ಒಮ್ಮೆ ಕೇಳಬೇಕು ಎಂದಳು. ಹೇಳುತ್ತಲೇ ಅವಳ ಮುಖ ಬಿಳಿಚಿತು. ಯಾರೂ ಮುಟ್ಟದೆ ಎಷ್ಟು ದಿನವಾಯ್ತು? ಅಮ್ಮನ ಮೊಬೈಲು ಎಂದೋ ಕೆಟ್ಟಿತ್ತು, ಬೇರೆಲ್ಲೂ ಆ ಸ್ವರ ಇಲ್ಲ.

ಭಾವ ಕ್ಷೌರಕ್ಕೆ ಹೋಗಿದ್ದರು. ಇಬ್ಬರೂ ಮಹಡಿಗೆ ಓಡಿದೆವು. ಅಳಿಸಿದ್ದರ ಪಟ್ಟಿ ತೆಗೆದೆ, ಅಲ್ಲಿ ಅಮ್ಮನ ಹೆಸರಿಲ್ಲ. 'ತಣ್ಣಗೆ'ಯಲ್ಲಿ ಇಲ್ಲ. 'ಬೆಚ್ಚಗೆ'ಯಲ್ಲೂ ಇಲ್ಲ. ಅಕ್ಕ ನನ್ನ ಭುಜ ಹಿಡಿದುಕೊಂಡಳು. 'ಬಿಸಿ'ಯನ್ನು ಸುಮ್ಮನೆ ತೆರೆದೆ. ಅಲ್ಲಿತ್ತು, ಅಷ್ಟೂ! ಕೊನೆಯ ಸಲ ಮುಟ್ಟಿದ್ದು ಇವತ್ತು ಮಧ್ಯಾಹ್ನ ಒಂದು ಗಂಟೆಗೆ. ಅದಕ್ಕೆ ಮುಂಚೆ ನಿನ್ನೆ ಒಂದು ಗಂಟೆಗೆ. ಮೊನ್ನೆಯೂ ಒಂದಕ್ಕೇ.

ಹಿಂದೆ ಭಾವ ಬಂದು ನಿಂತಿದ್ದರು, ಕ್ಷೌರದ ಸೋಪು ಅರ್ಧ ಒಣಗಿದ ಕೆನ್ನೆಯಲ್ಲಿ.

"ಎಂತಕ್ಕೆ ಭಾವಾ ಈ ಕಷ್ಟ? ಇದೊಂದನ್ನು ನಿಯಮದಿಂದ ಹೊರಗಿಡ್ಬಹುದಿತ್ತಲ್ಲ?" ಎಂದೆ.

"ಇಡ್ಬಹುದಿತ್ತು," ಎಂದರು. "ಆದ್ರೆ ದಿನಾ ಕೇಳೂಕೆ ನೆವ ಇರ್ತಿರ್ಲಿಲ್ಲ."

ಈ ಮನುಷ್ಯನನ್ನು ಇಷ್ಟು ವರ್ಷ ಆಡಿಕೊಂಡು ನಕ್ಕೆನಲ್ಲ ಎಂದುಕೊಂಡು ಕುರ್ಚಿಯಿಂದೆದ್ದು ಅವರಿಗೆ ಜಾಗ ಬಿಟ್ಟೆ. ಅಕ್ಕ ಕಣ್ಣೊರೆಸಿಕೊಂಡು ಕೈ ಚಾಚಿ ಮೌಸ್ ಒತ್ತಿದಳು.

"ಅಳಿಯಂದಿರೇ, ಊಟ ತಣ್ಣಗಾಗ್ತದೆ, ಬನ್ನಿ."

ಆಗ ಸಂಜೆ ನಾಲ್ಕು ಗಂಟೆ. ಮೂವರೂ ಕೆಳಗಿಳಿದು ಮತ್ತೊಮ್ಮೆ ಊಟಕ್ಕೆ ಕೂತೆವು.