ಮೆತ್ತಗೆ ಕೂತು ಮದ್ರಾಸಿಗೆ ಹೋಗಿ ಬಂದಿದ್ದು

ಬೈಕಲ್ಲಿ ದೂರ ಹೋಗ್ತೀನಿ ಅಂದ್ರೆ ಜನ ಭೇಷ್ ಅಂತಾರೆ. ಆರಾಮಾಗಿ ಕೂತ್ಕೊಂಡು ಹೋಗ್ತೀನಿ ಅಂದ್ರೆ ಮಾತ್ರ ನಗ್ತಾರೆ. ಮುಖಕ್ಕೆ ಧೂಳು ಮೆತ್ಕೊಂಡು, ಸೊಂಟ ಹಿಡ್ಕೊಂಡು, ಕುಂಟ್ತಾ ಬಂದ್ರೇನೇ ಅವನು ದೊಡ್ಡ ಸವಾರ ಅಂತ ಯಾರೋ ಕಾನೂನು ಮಾಡಿಟ್ಟಿದಾರೆ. ನಾನು ಆ ಕಾನೂನು ಒಪ್ಪಿದವನಲ್ಲ. ಒಪ್ಪದೇ ಇದ್ದಿದ್ದಕ್ಕೆ ಆಗಬಾರದ್ದೆಲ್ಲ ಆಗ್ತಾನೇ ಬಂದಿದೆ. ಆದ್ರೂ ಕುಶನ್ ಬಿಟ್ಟಿಲ್ಲ, ಬಿಡೋದೂ ಇಲ್ಲ.

ವಿಮಾನಪುರದ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್‌ನವನು. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕೋದು ನನ್ನ ಉದ್ಯೋಗ. ಬಾಡಿಗೆ ಮನೆ ರಾಮಮೂರ್ತಿ ನಗರದಲ್ಲಿ, ಮೊದಲನೇ ಮಹಡಿ. ಮೇಲೆ ಹೆಂಡತಿ, ಮತ್ತೆ ಧಾರವಾಡದ ಕಡೆಯಿಂದ ಬಂದು ನಮ್ಮ ಜೊತೆಗೇ ಇದ್ದ ಅತ್ತೆ. ಕೆಳಗೆ ನನ್ನ ಡುಗುಡುಗು ಬೈಕು. ಕೆ.ಆರ್. ಪುರದ ತೂಗುಸೇತುವೆ ಇನ್ನೂ ಕಟ್ತಾ ಇದ್ದ ಕಾಲ. ನಂಗಾಗ ನಲವತ್ತೇಳು ವರ್ಷ.

ಬೀರು ಇಳಿಸಿದ್ದು

ಒಂದ್ಸಲ ಮಂಗಳೂರಿಂದ ಒಂದೇ ದಿನದಲ್ಲಿ ಬಂದೆ. ಗೇಟ್ ಮುಂದೆ ಬೈಕ್ ನಿಲ್ಲಿಸಿದೆ, ಆದ್ರೆ ಇಳಿಯಕ್ಕಾಗ್ಲಿಲ್ಲ. ಕಾಲೆತ್ತು ಅಂತ ನಾನು ಹೇಳ್ತಿದೀನಿ, ಕಾಲು ಕೇಳ್ತಾನೇ ಇಲ್ಲ. ಐದು ನಿಮಿಷ ಏನೋ ಯೋಚನೆ ಮಾಡ್ತಿರೋನ ಹಾಗೆ ಗಾಂಭೀರ್ಯದಿಂದ ಕೂತೆ. ಕೊನೆಗೆ ಹಾರನ್ ಹೊಡೆದೆ.

ಪಕ್ಕದ ಮನೆ ಟೆಂಪೋ ಡ್ರೈವರ್ ಬಂದ. ಅವನ ಕಸುಬೇ ಮನೆ ಸಾಮಾನು ಸಾಗಿಸೋದು. ನನ್ನ ಸುತ್ತ ಒಂದು ಸುತ್ತು ಹೊಡೆದು, ಸದ್ದು ಕೇಳಿ ಆಚೆ ಬಂದಿದ್ದ ನಮ್ಮ ಮನೆ ಓನರ್ ಕಡೆ ತಿರುಗಿ, "ಕಾಲು ಮಡಚಲ್ಲ ಸಾರ್. ಹಂಗೇ ವಾಲಿಸಿ ಎತ್ಬೇಕು" ಅಂದ. ಅವನೊಂದು ಕಡೆ, ಓನರ್ ಒಂದು ಕಡೆ ಹಿಡಿದ್ರು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ರು. "ಮೆಟ್ಲಲ್ಲಿ ಹುಷಾರು, ಮೂಲೆ ತಾಗುತ್ತೆ" ಅಂತ ಅವನು ಕೂಗ್ತಿದ್ದ. ಮೇಲೆ ಹೋದ್ಮೇಲೆ ನನ್ನ ಹೆಂಡತೀನ ಕೇಳಿದ, "ಯಾವ್ ಗೋಡೆಗೆ ಒರಗಿಸ್ಲಿ ಅಕ್ಕಾ?"

ಮೂರು ದಿನ ಬೋರಲು ಮಲಗಿದ್ದೆ. ಅತ್ತೆ ಬಿಸಿನೀರಿನ ಚೀಲ ತಂದಿಟ್ಟು, "ಅಳಿಯಂದ್ರ, ಟೊಂಕ ಹೋತು. ಇನ್ನ ಆ ಗಾಡಿ ಮಾರ್ರಿ" ಅಂದ್ರು. ತಲೆದಿಂಬಲ್ಲಿ ಮುಖ ಇಟ್ಕೊಂಡೇ ನಾನು ಹೇಳಿದೆ, "ಮಾರೋದಾ? ಮದ್ರಾಸಿಗೆ ಬೇಕಾದ್ರೆ ಒಂದೇ ದಿನದಲ್ಲಿ ಹೋಗ್ಬರ್ತೀನಿ."

ಅತ್ತೆ ಮಾತು ಹಿಡಿದ್ರು. "ಹಂಗಾರ ಹೋಗ್ರಿ. ಅದ ದಿನ ಊಟದ ಹೊತ್ತಿಗೆ ತಿರುಗಿ ಬರ್ರಿ. ಸಾಕ್ಷಿಗೆ ಸಮುದ್ರದ ನೀರು ಒಂದ ಬಾಟ್ಲಿ ತರ್ರಿ. ನೆಲದ ಮ್ಯಾಲೆ ಚಕ್ಕಳಮಕ್ಕಳ ಹಾಕ್ಕೊಂಡ ಕುಂತ ಉಣ್ರಿ. ಕೈ ನೆಲಕ್ಕ ಊರಲಾರ್ದ ಎದ್ರಿ ಅಂದ್ರ ಗಾಡಿ ಇರ್ಲಿ. ಇಲ್ಲಾಂದ್ರ ಮಾರಿಬಿಡೂಣು."

ಹೆಂಡತಿ ಕಡೆ ನೋಡಿದೆ. ಅವಳು, "ಅಮ್ಮ ಹೇಳಿದ್ರಲ್ಲಿ ಏನ್ರೀ ತಪ್ಪಿದೆ?" ಅಂದ್ಲು. ಎರಡು ತಿಂಗಳು ಟೈಮ್ ಕೇಳಿದೆ. ಆ ಬೈಕು ಹೋದ್ರೆ ನನ್ನ ಭಾನುವಾರಗಳೂ ಹೋದ ಹಾಗೆ. ಸಂಕಟ ಆಯ್ತು, ಸುಳ್ಳು ಹೇಳಲ್ಲ. ಅವತ್ತೇ ತೀರ್ಮಾನ ಮಾಡ್ದೆ: ಹೋಗ್ತೀನಿ, ಅದೂ ಸೋಫಾದ ಮೇಲೆ ಕೂತ ಹಾಗೆ ಹೋಗ್ತೀನಿ.

ಒದ್ದೆ ಮರಳು

ಮೊದಲು ಸೀಟು. ಶಿವಾಜಿನಗರದಲ್ಲಿ ಸೀಟ್ ಹೊಲಿಯೋ ಒಬ್ಬರು ಸಾಬರಿದ್ರು. ಅವರ ಕ್ರಮವೇ ಬೇರೆ. ಟೇಪ್ ಹಿಡಿಯೋರಲ್ಲ. ಅಂಗಡಿ ಮುಂದೆ ಫುಟ್‌ಪಾತ್ ಮೇಲೆ ಒಂದು ಅಗಲವಾದ ತಗಡಿನ ತಟ್ಟೇಲಿ ಒದ್ದೆ ಮರಳು ಹರಡಿ, ಅದರ ಮೇಲೆ ಗಿರಾಕೀನ ಕೂರಿಸೋರು. ಕೂತ ಗುರುತು ಎಲ್ಲಿ ಆಳ, ಎಲ್ಲಿ ತೇಲು ಅಂತ ನೋಡಿ ಅದೇ ಅಚ್ಚಿಗೆ ಫೋಮ್ ಕೊಯ್ಯೋರು.

"ಕೂತ್ಕೊಳ್ಳಿ ಸಾರ್. ಹಿಲೋ ನಕ್ಕೋ. ಅಲ್ಲಾಡ್ಬೇಡಿ."

ಕೂತೆ. ಪಕ್ಕದ ಚಾ ಅಂಗಡಿಯಿಂದ ಏಳೆಂಟು ಜನ ಗ್ಲಾಸ್ ಹಿಡ್ಕೊಂಡೇ ಬಂದು ನಿಂತ್ರು. ಎದ್ದಾಗ ಎಲ್ಲರೂ ಬಗ್ಗಿ ನೋಡಿದ್ರು. ಒಬ್ಬ, "ರೈಟ್ ಸೈಡ್ ಆಳ ಜಾಸ್ತಿ ಇದೆಯಲ್ಲ" ಅಂದ. ಇನ್ನೊಬ್ಬ, "ವಯಸ್ಸಾದ್ಮೇಲೆ ಹಂಗೇ" ಅಂದ. ಸಾಬರು ಮಾತ್ರ ಗಂಭೀರವಾಗಿ ತಲೆಯಾಡಿಸಿ, "ಅಲ್ಲಾ ಹೆಂಗೆ ಮಾಡಿದಾನೋ ಹಂಗೇ ಸೀಟು" ಅಂದ್ರು.

ವಾರಕ್ಕೆ ಸೀಟು ಬಂತು. ಸ್ವರ್ಗ. ಶಿವಾಜಿನಗರದಿಂದ ಹಲಸೂರಿನವರೆಗೆ ಗುಂಡಿ ಇದೆ ಅಂತಲೇ ಗೊತ್ತಾಗ್ಲಿಲ್ಲ. ಮಾರನೇ ದಿನ ಪರ್ಸ್ ಮರೆತು ಕಾರ್ಖಾನೆಗೆ ಹೊರಟೆ, ಇಡೀ ದಾರಿ ಬಲಕ್ಕೆ ವಾಲ್ತಾ ಇದ್ದೆ. ಸಂಜೆ ಇಂದಿರಾನಗರಕ್ಕೆ ತರಕಾರಿಗೆ ಹೋದಾಗ ಪರ್ಸ್ ಇತ್ತು, ನೆಟ್ಟಗಿದ್ದೆ. ಆಮೇಲೆ ಹೊಳೀತು. ಮರಳಿನ ಮೇಲೆ ಕೂತಾಗ ಬಲಗಡೆ ಹಿಂದಿನ ಜೇಬಲ್ಲಿ ಪರ್ಸ್ ಇತ್ತು. ಗೇಟ್ ಪಾಸು, ಲೈಸೆನ್ಸು, ರೇಷನ್ ಕಾರ್ಡಿನ ಜೆರಾಕ್ಸು, ಮಡಿಸಿದ ಹಳೇ ಕರೆಂಟ್ ಬಿಲ್ಲು ಎಲ್ಲ ಸೇರಿ ಇಡ್ಲಿಯಷ್ಟು ದಪ್ಪ. ಸಾಬರು ಅದರ ಅಚ್ಚನ್ನೂ ಅಷ್ಟೇ ಶ್ರದ್ಧೆಯಿಂದ ಕೊಯ್ದು ಕೂರಿಸಿದ್ರು.

ಇಪ್ಪತ್ತು ವರ್ಷ ಇನ್‌ಸ್ಪೆಕ್ಷನ್ ಮಾಡಿದ ಮನುಷ್ಯ, ನನ್ನ ಹಿಂಭಾಗ ಒಂದನ್ನ ಚೆಕ್ ಮಾಡ್ಕೊಳ್ಳಕ್ಕಾಗ್ಲಿಲ್ಲ. ಹೋಗಿ ಸರಿ ಮಾಡಿಸ್ಕೊಂಡು ಬನ್ನಿ ಅಂದ್ಲು ಹೆಂಡತಿ. ಆ ಚಾ ಅಂಗಡಿಯವರ ಮುಂದೆ ಇನ್ನೊಂದ್ಸಲ ಕೂರೋದಾ? ಸತ್ರೂ ಇಲ್ಲ. ಅವತ್ತಿಂದ ಆ ಕರೆಂಟ್ ಬಿಲ್ಲನ್ನೂ ಎಸೆದಿಲ್ಲ. ಎಸೆದ್ರೆ ಬಲಕ್ಕೆ ವಾಲ್ತೀನಿ.

ಕುರಿ ಚರ್ಮ

ಸೀಟ್ ಮೇಲೆ ಉಣ್ಣೆ ಸಮೇತ ಕುರಿ ಚರ್ಮ ಹಾಸಿದ್ರೆ ಬೆವರಲ್ಲ ಅಂತ ಎಲ್ಲೋ ಓದಿದ್ದೆ. ರಸೆಲ್ ಮಾರುಕಟ್ಟೆಗೆ ಹೋದೆ. ಮಟನ್ ಅಂಗಡಿಯವರು ಕೊಡುವಾಗಲೇ ಹೇಳಿದ್ರು, "ಉಪ್ಪು ಹಚ್ಚಿ ಒಣಗಿಸಿ ಸಾರ್. ಆಮೇಲೆ ಹದ ಮಾಡೋರಿಗೆ ಕೊಟ್ಬಿಡಿ, ಹಂಗೇ ಹಾಕ್ಬೇಡಿ." ನಾನು ಅರ್ಧ ಮಾತು ಕೇಳ್ದೆ. ಆರು ದಿನ ಟೆರೇಸ್ ಮೇಲೆ ಒಣಗಿಸಿ, ಹದ ಪದ ಏನೂ ಇಲ್ದೆ ಸೀಟಿಗೆ ಕಟ್ಟಿದೆ. ಅತ್ತೆ ಮೂಗು ಮುಚ್ಕೊಂಡು ಒಳಗೆ ಹೋದ್ರು.

ಭಾನುವಾರ ಬೆಳಿಗ್ಗೆ ಹಲಸೂರು ಕೆರೆ ಹತ್ರ ಒಂದು ಟೀ ಅಂಗಡೀಲಿ ನಮ್ಮ ಬೈಕ್ ಗುಂಪು ಸೇರೋದು. ಅವತ್ತು ದಾರಿಯುದ್ದಕ್ಕೂ ನಾಯಿಗಳು ಬೆನ್ನು ಹತ್ತಿದ್ವು. ಟೀ ಅಂಗಡಿ ಮುಂದೆ ನಿಲ್ಲಿಸಿದಾಗ ಲೆಕ್ಕ ಹಾಕಿದ್ರೆ ಒಂಬತ್ತು, ಬೈಕ್ ಸುತ್ತ ಕೂತು ಭಕ್ತಿಯಿಂದ ಸೀಟೇ ನೋಡ್ತಿದ್ವು.

ಗುಂಪಲ್ಲಿ ಫ್ರೇಜರ್ ಟೌನಿನ ಒಬ್ಬ ಹುಡುಗ ಇದ್ದ. ಇಪ್ಪತ್ತೈದರ ಪ್ರಾಯ. ಅವನ ಬೈಕಿಗೆ ಹಲಗೆಯಷ್ಟು ಗಟ್ಟಿ ಸೀಟು, ಅದೇ ಅವನ ಹೆಮ್ಮೆ. "ಅಂಕಲ್, ಕುಶನ್ ಬೇಕಂದ್ರೆ ಕಾರ್ ತಗೊಳ್ಳಿ. ಲಾಂಗ್ ರೈಡ್ ಅಂದ್ರೆ ನೋವು ತಿನ್ಬೇಕು" ಅಂದ.

"ನೋವು ತಿನ್ನೋಕೆ ಮದ್ರಾಸಿಗೆ ಯಾಕೋ ಹೋಗ್ಬೇಕು ಮಗಾ? ಮನೇಲೇ ಸಿಗುತ್ತೆ" ಅಂದೆ. ಎಲ್ಲರೂ ನಕ್ರು. ಗೆದ್ದೆ ಅಂದ್ಕೊಂಡು ಟೀ ಬಾಯಿಗಿಟ್ಟೆ. ಅಷ್ಟರಲ್ಲಿ ಹುಡುಗ ರಸ್ತೆ ಕಡೆ ಕೈ ತೋರಿಸಿ, ಬಹಳ ನಿಧಾನವಾಗಿ ಹೇಳಿದ, "ಅಂಕಲ್, ನಿಮ್ಮ ಕಂಫರ್ಟು ಓಡೋಗ್ತಿದೆ." ಒಂಬತ್ತೂ ನಾಯಿ ಚರ್ಮ ಕಚ್ಕೊಂಡು ಕೆರೆ ಏರಿ ಮೇಲೆ ಹೋಗ್ತಾ ಇದ್ವು.

ಮನೆಗೆ ಬಂದಾಗ ಅತ್ತೆ ಖಾಲಿ ಸೀಟು ನೋಡಿದ್ರು. ಟ್ರಂಕ್ ತೆಗೆದು, ಹಳೇ ಸೀರೆಗಳನ್ನ ಪದರ ಪದರವಾಗಿ ಹೊಲಿದ ಕೌದಿಯೊಂದನ್ನ ಹೊರಗೆ ತಂದು, ಕತ್ತರಿಸಿ ಸೀಟಿನಳತೆಗೆ ಹೊಲಿದು ಕೊಟ್ರು. "ಸೋಲೂದು ಹೆಂಗೂ ಸೋಲ್ತೀರಿ. ಮೆತ್ತಗ ಕುಂತ ಸೋಲ್ರಿ" ಅಂದ್ರು.

ಮಜ್ಜಿಗೆ

ಬೈಕ್ ನಿಲ್ಲಿಸದೆ ಕುಡಿಯೋ ಏರ್ಪಾಡು ಬೇಕಿತ್ತು. ಮೆಡಿಕಲ್ ಶಾಪಿಂದ ಹೊಸ ಡ್ರಿಪ್ ಬಾಟಲಿ, ಟ್ಯೂಬು ತಂದೆ. ಹ್ಯಾಂಡಲ್‌ಗೆ ಒಂದು ಕಂಬಿ ಕಟ್ಟಿ ಬಾಟಲಿ ತಲೆಕೆಳಗಾಗಿ ನೇತುಹಾಕಿ, ಟ್ಯೂಬನ್ನ ಹೆಲ್ಮೆಟ್ ಒಳಗೆ ತಗೊಂಡೆ. ಒಳಗೆ ಚೆನ್ನಾಗಿ ಸೋಸಿದ ನೀರು ಮಜ್ಜಿಗೆ. ಹೊಸಕೋಟೆವರೆಗೆ ಹೋಗಿ ಪರೀಕ್ಷೆ ಮಾಡಿ ವಾಪಸ್ ಬರ್ತಿದ್ದೆ.

ಕೆ.ಆರ್. ಪುರದ ಹತ್ರ ಸೇತುವೆ ಕೆಲಸದಿಂದ ಟ್ರಾಫಿಕ್ ಜಾಮ್. ಟ್ರಾಫಿಕ್ ಕಾನ್‌ಸ್ಟೇಬಲ್ ನನ್ನ ನೋಡಿದ್ದೇ ಗಾಬರಿಯಾಗಿ, ಎರಡು ಲಾರಿ ಒಂದು ಬಸ್ಸು ನಿಲ್ಲಿಸಿ ದಾರಿ ಬಿಡಿಸಿದ್ರು. ಓಡಿ ಬಂದು, "ಯಾವ ಆಸ್ಪತ್ರೆಯವರು ರೀ ನಿಮ್ಮನ್ನ ಹಿಂಗೇ ಕಳಿಸಿದ್ದು? ಜೊತೆಗೆ ಯಾರೂ ಇಲ್ವಾ?" ಅಂತ ಕೇಳಿದ್ರು.

ಸುಳ್ಳು ಹೇಳೋ ಮನಸ್ಸಾಗ್ಲಿಲ್ಲ. ನಾನು ಮಾಡಿದ್ದು ತಪ್ಪೇನಲ್ಲವಲ್ಲ. ಟ್ಯೂಬ್ ಬಾಯಿಂದ ತೆಗೆದು, "ಇದು ಮಜ್ಜಿಗೆ ಸಾರ್" ಅಂದೆ.

ಬೈತಾರೆ ಅಂದ್ಕೊಂಡೆ. ಅವರು ಬಾಟಲೀನ ಬೆರಳಲ್ಲಿ ತಟ್ಟಿ ನೋಡಿದ್ರು. ಹಿಂದೆ ಬಸ್ಸಿನವನು ಹಾರನ್ ಬಾರಿಸ್ತಿದ್ದ, ಅವನಿಗೆ ಸುಮ್ಮನಿರು ಅಂತ ಕೈ ತೋರಿಸಿ, ಹತ್ರ ಬಗ್ಗಿ ಮೆತ್ತಗೆ ಹೇಳಿದ್ರು, "ಈಗ ಮಜ್ಜಿಗೇನೂ ಏರಿಸ್ತಾರಾ? ಆ ಡಾಕ್ಟ್ರ ಅಡ್ರೆಸ್ ಕೊಡಿ. ನಂಗೂ ಉಷ್ಣ ಜಾಸ್ತಿ."

ಚಕ್ಕಳಮಕ್ಕಳ

ಹೇಳಿದ ದಿನ ಬೆಳಿಗ್ಗೆ ನಾಲ್ಕಕ್ಕೆ ಹೊರಟೆ. ಸಾಕ್ಷಿಗೆ ಅಂತ ಫ್ರೇಜರ್ ಟೌನ್ ಹುಡುಗಾನೂ ಬಂದ. ಮದ್ರಾಸ್ ಮುಟ್ಟಿದಾಗ ಹನ್ನೊಂದೂವರೆ. ಕಾಲು ಒದ್ದೆ ಮಾಡ್ಕೊಂಡು, ಬಾಟಲಿ ತುಂಬಿಸ್ಕೊಂಡು ತಿರುಗಿದ್ವಿ. ಮೈಯಲ್ಲಿ ಒಂದು ನೋವಿಲ್ಲ. ಹಾಡು ಹೇಳ್ಕೊಂಡು ಬರ್ತಿದ್ದೆ.

ರಾಣಿಪೇಟೆ ಹತ್ರ ಹುಡುಗ ಕಾಣ್ಲಿಲ್ಲ. ತಿರುಗಿ ನೋಡಿದ್ರೆ ಬೈಕ್ ಮೇಲೆ ನಿಂತ್ಕೊಂಡೇ ಓಡಿಸ್ತಾ ಬರ್ತಿದ್ದಾನೆ. ಪಕ್ಕ ಬಂದು ನಿಲ್ಲಿಸಿ, ನೆಲ ನೋಡ್ಕೊಂಡು, "ಅಂಕಲ್, ಸ್ವಲ್ಪ ದೂರ ಬೈಕ್ ಬದಲಾಯಿಸೋಣ್ವಾ?" ಅಂದ. ಆಗ ಬೇಡ ಅನ್ಬೇಕಿತ್ತು. ಆದ್ರೆ ಆ ಮುಖ, ಆ ಹಲಗೆ ಸೀಟಿನವನ ಮುಖ, ನನ್ನ ಕೌದಿ ಕೇಳ್ತಿದೆ. ಎಷ್ಟು ಖುಷಿಯಾಯ್ತು ಅಂದ್ರೆ ತಕ್ಷಣ ಒಪ್ಕೊಂಡುಬಿಟ್ಟೆ. ಅವನು ನನ್ನ ಬೈಕ್ ಹತ್ತಿ ಎರಡು ಫರ್ಲಾಂಗ್ ಹೋಗಿ, "ಅಂಕಲ್, ಬಲಕ್ಕೆ ವಾಲುತ್ತೆ" ಅಂದ. ನನ್ನ ಪರ್ಸ್ ತೆಗೆದು ಅವನ ಜೇಬಿಗೆ ತುರುಕಿದೆ. ಕೋಲಾರದವರೆಗೆ ಅವನು ನನ್ನ ಕರೆಂಟ್ ಬಿಲ್ ಮೇಲೆ ಕೂತು ಬಂದ. ನಾನು ಅವನ ಹಲಗೆ ಮೇಲೆ. ಕೋಲಾರದಲ್ಲಿ ನನ್ನ ಬೈಕ್ ವಾಪಸ್ ತಗೊಳ್ಳೋ ಹೊತ್ತಿಗೆ ಸೊಂಟದಲ್ಲಿ ಮಂಗಳೂರು ಶುರುವಾಗಿತ್ತು.

ಎಂಟಕ್ಕೆ ಮನೆ. ಟೆಂಪೋ ಡ್ರೈವರ್ ತೋಳು ಮೇಲೇರಿಸ್ಕೊಂಡು ಗೇಟಲ್ಲೇ ಕಾಯ್ತಿದ್ದ. ಹಲ್ಲು ಕಚ್ಚಿ ನಾನೇ ಇಳಿದೆ, ನಾನೇ ಮೆಟ್ಟಿಲು ಹತ್ತಿದೆ. ಅತ್ತೆ ಬಾಟಲಿ ನೀರು ನಾಲಿಗೆಗೆ ಹಚ್ಚಿ, "ಉಪ್ಪ ನಮ್ಮ ಮನ್ಯಾಗೂ ಐತಿ" ಅಂದ್ರು. ಆಮೇಲೆ ಬೆಳಕಿಗೆ ಹಿಡಿದು, "ತಳದಾಗ ಉಸುಕೈತಿ. ಖರೇನ ಹೋಗ್ಯಾರ. ಕುಂಡರ್ರಿ" ಅಂದ್ರು.

ಕೂತೆ. ಮಂಡಿ ಕಟಕಟ ಅಂತು. ನಾನು ಕೈ ಊರ್ತೀನಾ ಅಂತ ಹತ್ತಿರದಿಂದ ನೋಡ್ಬೇಕು ಅಂತ ಅತ್ತೇನೂ ಎದುರಿಗೇ ನೆಲದ ಮೇಲೆ ಕೂತು ತಟ್ಟೆ ಹಾಕಿಸ್ಕೊಂಡ್ರು. ಜೋಳದ ರೊಟ್ಟಿ, ಎಣಗಾಯಿ, ಹೋಳಿಗೆ. ಎರಡು ರೊಟ್ಟಿ ಆದ್ಮೇಲೆ ಮೆಲ್ಲಗೆ ಏಳೋ ಪ್ರಯತ್ನ ಮಾಡ್ದೆ. ಸೊಂಟದ ಕೆಳಗೆ ಯಾರೂ ಇಲ್ಲ.

ಏನು ಮಾಡೋದು? ಊಟ ಮುಗಿದ್ರೆ ತಾನೇ ಏಳ್ಬೇಕು. "ಇನ್ನೊಂದು ರೊಟ್ಟಿ ಹಾಕೇ" ಅಂದೆ. ಅತ್ತೇನೂ, "ನನಗೂ ಒಂದ ಹಾಕು" ಅಂದ್ರು. ನಾನು ಹೋಳಿಗೆ ಕೇಳಿದೆ. ಅವರೂ ಹೋಳಿಗೆ ಕೇಳಿದ್ರು. ಅನ್ನ ಬಂತು, ಸಾರು ಬಂತು, ಮೊಸರು ಬಂತು. ಒಂಬತ್ತು ಗಂಟೆ ಆಯ್ತು. ರಾತ್ರಿ ಅರ್ಧ ರೊಟ್ಟಿ ತಿನ್ನೋ ಮನುಷ್ಯರು ಇವತ್ತು ನನ್ನ ಸಮಕ್ಕೆ ತಿಂತಿದಾರೆ. ಆಗ ನೆನಪಾಯ್ತು. ನಮ್ಮನೆಗೆ ಬಂದ್ಮೇಲೆ ಅತ್ತೆ ಊಟ ಮಾಡಿದ್ದೆಲ್ಲ ಕುರ್ಚಿ ಮೇಲೆ.

"ಅತ್ತೆ, ನೀವು ದೊಡ್ಡೋರು. ಮೊದ್ಲು ನೀವು ಏಳಿ" ಅಂದೆ.

"ಅಳಿಯಂದ್ರು ಏಳೂಕ್ಕಿಂತ ಮುಂಚೆ ಅತ್ತಿ ಏಳೂ ಪದ್ಧತಿ ನಮ್ಮ ಕಡೆ ಇಲ್ಲ" ಅಂದ್ರು.

"ನಮ್ಮ ಕಡೆ ದೊಡ್ಡೋರು ಕೂತಿರುವಾಗ ಚಿಕ್ಕೋರು ಏಳಲ್ಲ."

"ಹಂಗಾರ ಕುಂಡ್ರೂಣು."

ಕೂತ್ವಿ. ಪಾತ್ರೆಗಳೆಲ್ಲ ಖಾಲಿ. ಉಪ್ಪಿನಕಾಯಿ ಮಾತ್ರ ಉಳಿದಿತ್ತು, ಅದನ್ನೇ ನೆಕ್ತಾ ಒಬ್ಬರನ್ನೊಬ್ಬರು ನೋಡ್ತಾ ಇದ್ವಿ. ಕೈ ಒಣಗಿ ಹೋಗಿತ್ತು. ಹೆಂಡತಿ ಒರೆಸೋ ಬಟ್ಟೆ ಹಿಡ್ಕೊಂಡು ಬಂದು, "ಇಬ್ರೂ ಏಳ್ತೀರೋ, ಸುತ್ತಲೂ ಒರೆಸ್ಕೊಂಡು ಹೋಗ್ಲೋ?" ಅಂದ್ಲು. ಅವಳು ಸುತ್ತಲೂ ಒರೆಸ್ಕೊಂಡು ಹೋದ್ಲು.

ಅವಳು ಅಡುಗೆಮನೆ ಸೇರಿದ್ಮೇಲೆ ಅತ್ತೆ ಮುಂದಕ್ಕೆ ಬಗ್ಗಿ ಪಿಸುಗುಟ್ಟಿದ್ರು. "ಅಳಿಯಂದ್ರ, ನಾ ಹೇಳಿದ್ದು ಏನು? ಕೈ ನೆಲಕ್ಕ ಊರಬಾರ್ದು ಅಂತ ಹೌದಿಲ್ಲೋ?"

"ಹೌದು."

"ನೆಲಕ್ಕ ಬ್ಯಾಡ. ನನ್ನ ಕೈ ಹಿಡೀರಿ."

ಅವರ ಕೈ ನಾನು, ನನ್ನ ಕೈ ಅವರು ಹಿಡಿದು, ಒಂದು ಎರಡು ಮೂರು ಅಂತ ಎಳ್ಕೊಂಡು ಎದ್ದೇಬಿಟ್ವಿ. ಸದ್ದಿಗೆ ಹೆಂಡತಿ ಓಡಿ ಬಂದಾಗ ಇಬ್ಬರೂ ಕೈಕೈ ಹಿಡ್ಕೊಂಡು ನಿಂತಿದ್ವಿ. "ಗಾಡಿ ಇರ್ಲಿ ಬಿಡು" ಅಂದ್ರು ಅತ್ತೆ, ತೀರ್ಪು ಕೊಡೋರ ಹಾಗೆ.

ಮುಂದಿನ ಶನಿವಾರ ಅತ್ತೇನ ಬೈಕ್ ಹಿಂದೆ ಕೂರಿಸ್ಕೊಂಡು ಶಿವಾಜಿನಗರಕ್ಕೆ ಹೋದೆ, ಅವರ ಊಟದ ಕುರ್ಚಿಗೆ ಸೀಟು ಮಾಡಿಸೋಕೆ. ಸಾಬರು ಮರಳು ಹರಡಿದ್ರು. ಚಾ ಅಂಗಡಿಯವರು ಗ್ಲಾಸ್ ಸಮೇತ ಬಂದ್ರು. ಅತ್ತೆ ಅವರನ್ನ ಒಂದ್ಸಲ ದುರುಗುಟ್ಟಿ ನೋಡಿದ್ದಕ್ಕೆ ಎಲ್ಲರೂ ಆ ಕಡೆ ತಿರುಗಿ ನಿಂತ್ರು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿ ಗೊಂಚಲು ತೆಗೆದು ನನ್ನ ಕೈಗೆ ಕೊಟ್ರು.

"ಹಿಡೀರಿ ಅಳಿಯಂದ್ರ. ಇದರದೂ ಅಚ್ಚು ಬಿದ್ರ, ಮುಂದ ಊಟಕ್ಕ ಕುಂಡ್ರೂ ಮುಂಚೆ ದಿನಾ ಕೀಲಿ ಹುಡುಕಬೇಕಾಗ್ತೈತಿ."