ಬ್ಯಾರನ್ನಿನಲ್ಲಿ ಬೆಂದ ಎಂಟು ಕ್ಯಾಸೆಟ್ಟು

"ಈ ಸಲ ನಿಮ್ಮ ಬಾಯಿಂದ್ಲೇ ಒಪ್ಪಿಸ್ತೀನಿ, ನೋಡ್ತಾ ಇರಿ!"

ಪುಟ್ಟಲಕ್ಷ್ಮಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲ ನಡುವೆ ನಿಂತು ಹೀಗೆ ಸಾರಿದಾಗ ಯುದ್ಧಕ್ಕೆ ಹೊರಟ ರಾಣಿಯ ಹಾಗೇ ಕಾಣುತ್ತಿದ್ದಳು. ಕೈಯಲ್ಲಿ ಕತ್ತಿಯ ಬದಲು ಮುದ್ದೆ ತಿರುವುವ ಕೋಲಿತ್ತು, ಅಷ್ಟೇ ವ್ಯತ್ಯಾಸ. ಯುದ್ಧ ರಾಜ್ಯಕ್ಕಾಗಿ ಅಲ್ಲ, ಮನೆಯಲ್ಲಿದ್ದ ಒಂದೇ ಒಂದು ಟೇಪ್ ರೆಕಾರ್ಡರಿಗಾಗಿ!

ರಾವಂದೂರಿನ ಮಗ್ಗುಲ ಹಳ್ಳಿಯಲ್ಲಿ ಪುಟ್ಟಲಕ್ಷ್ಮಿ ಮತ್ತು ಅವಳ ಗಂಡ ಮುದ್ದಯ್ಯನದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಮುರಿದ ದಿನ ಊರಿನ ಹೆಂಗಸರು ಜಗಲಿಯಲ್ಲಿ ಸಾಲಾಗಿ ಕೂತು ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟುತ್ತಾರೆ. ಆ ಕಡ್ಡಿಗಳನ್ನು ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ನೇತುಹಾಕಿ, ಬಾಗಿಲು ಬಿಗಿದು, ಹೊರಗಿನ ಒಲೆಯಿಂದ ಶಾಖ ಕೊಟ್ಟು ದಿನಗಟ್ಟಲೆ ಬೇಯಿಸುತ್ತಾರೆ. ಕಟ್ಟುವ ಕೈಗೆ ಹಾಡು ಬೇಕು, ಹಾಡಿಗೆ ಟೇಪು ಬೇಕು. ಆದರೆ ಟೇಪಿಗೆ ಯಾರ ಕ್ಯಾಸೆಟ್ಟು? ಈ ಒಂದು ಮೊಕದ್ದಮೆ ಗಂಡ ಹೆಂಡಿರ ನಡುವೆ ಮುಗಿಯುವ ಲಕ್ಷಣವೇ ಇರಲಿಲ್ಲ.

ಮುದ್ದಯ್ಯನ ಪಾಲಿನ ದೇವರು ಕೋಟೆ ಕರಿಬಸಪ್ಪ. ನಾಟಕದ ಹಾಡು ಹಾಡಿದರೆ ಸೂರು ಹಾರಬೇಕು, ಅಂಥ ಗಂಟಲು. ಪುಟ್ಟಲಕ್ಷ್ಮಿಯ ಪಾಲಿನ ದೇವತೆ ಸಾಲಿಗ್ರಾಮದ ನಿಂಗಾಜಮ್ಮ. ಸೋಬಾನೆ, ತಂಬೂರಿ ಪದ, ರಾಗಿ ಬೀಸುವ ಪದ, ಎಲ್ಲಾ ಸೇರಿ ವರುಷಕ್ಕೊಂದರಂತೆ ಎಂಟು ಕ್ಯಾಸೆಟ್ಟು ತಂದು, ಆಮೇಲೆ ಆಯಮ್ಮ ಹಾಡುವುದನ್ನೇ ನಿಲ್ಲಿಸಿಬಿಟ್ಟಳು. ಪುಟ್ಟಲಕ್ಷ್ಮಿ ಓದಿದ್ದು ಎರಡನೇ ಕ್ಲಾಸು. ಆದರೆ ಆ ಎಂಟು ಕ್ಯಾಸೆಟ್ಟಿನ ವಿಚಾರದಲ್ಲಿ ಅವಳು ಮಹಾಪಂಡಿತೆ! ಯಾವಾಗ ಹಾಕಿದರೂ ಒಂದನೆಯದರಿಂದಲೇ ಶುರು, ಎಂಟನೆಯದರವರೆಗೂ ಸಾಲಾಗಿ. ನಡುವಿನಿಂದ ಯಾರಾದರೂ ಹಾಕಿದರೋ, ಧಾರೆ ಆಗುವ ಮೊದಲೇ ಊಟಕ್ಕೆ ಕೂತವರನ್ನು ನೋಡಿದ ಹಾಗೆ ನೋಡುತ್ತಿದ್ದಳು.

ಯಾರದು ದೊಡ್ಡದು ಅಂತ ತೀರ್ಮಾನ ಮಾಡುವ ಕಾನೂನನ್ನು ಬರೆದವಳು ಸೊಪ್ಪು ಕಟ್ಟುವವರ ಯಜಮಾನಿ ಜಯಲಕ್ಷ್ಮಮ್ಮ. "ಎಷ್ಟು ಕ್ಯಾಸೆಟ್ ಬುಟ್ರು ಅನ್ನೋದಲ್ಲ ಕಣ್ರವ್ವಾ. ಒಂದಾದ್ಮೇಲೊಂದು ಒಂದೂ ಸಪ್ಪೆ ಇಲ್ದಂಗೆ ಎಷ್ಟು ಬುಟ್ರು ಅನ್ನೋದು. ಹಾಡು ಬತ್ತಾ ಇರೋವಾಗ ಸೊಪ್ಪು ಕಟ್ಟೋಳು ಎದ್ದೋದ್ಲಾ, ಆ ಕ್ಯಾಸೆಟ್ಟು ಸಪ್ಪೆ. ಅಲ್ಲಿಗೆ ಸರಪಣಿ ಕಿತ್ತೋಯ್ತು!"

ಹೋದ ವರುಷ ಕರಿಬಸಪ್ಪನ ಪರೀಕ್ಷೆ ನಡೆಯಿತು. ಎರಡು ಕ್ಯಾಸೆಟ್ಟು ಜಗಲಿ ಅಲುಗಲಿಲ್ಲ. ಮೂರನೆಯದಕ್ಕೆ ಒಬ್ಬಳು ನೀರಿಗೆ ಎದ್ದಳು, ಒಬ್ಬಳು ಎಲೆಅಡಿಕೆಗೆ ಎದ್ದಳು. ಜಯಲಕ್ಷ್ಮಮ್ಮ ಎದುರು ಮನೆಯ ಎರಡು ಕೋಳಿ ಜಗಳ ಆಡುವುದನ್ನು ನೋಡಲು ಎದ್ದುಹೋದಳು! ಕೋಳಿಜಗಳಕ್ಕೆ ಸೋತ ಗಾಯಕನಿಗಾಗಿ ಮುದ್ದಯ್ಯ ಒಂದು ಹೊತ್ತು ಉಂಡಿರಲಿಲ್ಲ.

ಈ ವರುಷ ಸೀಜನ್ನು ಶುರುವಾಗುತ್ತಿದ್ದ ಹಾಗೇ ಅವನು ಸೇಡಿಗೆ ನಿಂತ. "ನಿನ್ನ ನಿಂಗಾಜಮ್ಮಂದೂ ಐದನೇದು ಸಪ್ಪೆ ಕಣಮ್ಮಿ!"

"ಬಾಯಿಗೆ ಬಂದಂಗೆ ಆಡ್ಬೇಡಿ. ಐದನೇದು ಹಾಡೋವಾಗ ಯಾವತ್ತಾದ್ರೂ ಯಾರಾದ್ರೂ ಎದ್ದೋಗವ್ರಾ?"

"ಐದನೇದು ಬರೋ ಹೊತ್ಗೆ ಒಳಗಿಂದ ಮುದ್ದೆ ಬತ್ತದೆ. ಮುದ್ದೆ ಬರೋ ಹೊತ್ತಲ್ಲಿ ಯಾರಮ್ಮಿ ಎದ್ದೋದಾರು? ಅದು ನಿಂಗಾಜಮ್ಮನ ಮಹಿಮೆ ಅಲ್ಲ, ಮುದ್ದೆ ಮಹಿಮೆ!"

"ಐದನೇದು ಅಪ್ಪಟ ಚಿನ್ನ ಕಣ್ರೀ! ಎಂಟರಲ್ಲೂ ಅದರ ಮುಂದೆ ಯಾವ್ದೂ ಇಲ್ಲ!"

ಇಬ್ಬರ ಕೂಗಾಟ ತಾಳಲಾರದೆ ಸೊಸೆ ರಮ್ಯಾ ಪಂಚಾಯ್ತಿ ಮಾಡಿದಳು. ಎರಡನೇ ಸಲ ಸೊಪ್ಪು ಕಟ್ಟುವ ದಿನ ಪರೀಕ್ಷೆ. ಐದನೆಯದು ಮುಗಿಯುವವರೆಗೂ ಮುದ್ದೆ ಇಲ್ಲ. ಯಾರೂ ಏಳದಿದ್ದರೆ ಸೀಜನ್ ಪೂರ್ತಿ ಟೇಪು ಅತ್ತೆಯದು. ಯಾರಾದರೂ ಎದ್ದರೆ, ಇಲ್ಲ ಪರೀಕ್ಷೆಯೇ ನಡೆಯದೆ ಹೋದರೆ, ಟೇಪು ಮಾವನದು. ಸೋತವರು ತುಟಿ ಬಿಚ್ಚದೆ ಕೇಳಬೇಕು.

ಮೂರು ತಿಂಗಳು ಕರಿಬಸಪ್ಪನ ಗಂಟಲು! ಅದನ್ನು ನೆನೆದು ಪುಟ್ಟಲಕ್ಷ್ಮಿ ತಕ್ಷಣ ಟ್ರಂಕು ತೆಗೆದಳು. ತೆಗೆದವಳೇ "ಅಯ್ಯೋ ನನ್ನವ್ವಾ!" ಎಂದು ಅಲ್ಲೇ ಕುಕ್ಕರಿಸಿದಳು. ಮಳೆಗಾಲದ ತಂಡಿಗೆ ಎಂಟೂ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು, ಡಬ್ಬಿಯ ಮೇಲಿನ ನಿಂಗಾಜಮ್ಮನ ಫೋಟೋಗೆ ಬಿಳಿ ಗಡ್ಡ ಬಂದಿತ್ತು.

ಒರೆಸಿದಳು. ತೇವ ಹೋಗಲಿಲ್ಲ. ಬಿಸಿಲಿಗೆ ಇಡೋಣವೆಂದರೆ ಆಷಾಢದಲ್ಲಿ ಬಿಸಿಲೆಲ್ಲಿ? ಆಗ ಅವಳ ಕಣ್ಣು ಬ್ಯಾರನ್ನಿನ ಕಡೆ ಹೊರಳಿತು. ಮೊದಲನೇ ಸಲದ ಸೊಪ್ಪು ಆಗಲೇ ಒಳಗೆ ಸೇರಿತ್ತು. ಮೊದಮೊದಲು ಎಲೆ ಹಳದಿಯಾಗಲಿ ಅಂತ ಕೊಡುವುದು ಸಣ್ಣ ಶಾಖ, ಬಾಣಂತಿ ಕೋಣೆಯಷ್ಟು ಬೆಚ್ಚಗೆ. ಒದ್ದೆ ಕಂಬಳಿ ಒಣಗಿಸಿದ್ದು ಅಲ್ಲಿ, ಮೊಮ್ಮಗನ ಯೂನಿಫಾರ್ಮು ಒಣಗಿಸಿದ್ದು ಅಲ್ಲಿ, ಮೆತ್ತಗಾದ ಸಂಡಿಗೆ ಗರಿಗರಿಯಾಗಿದ್ದೂ ಅಲ್ಲೇ! ನಿಂಗಾಜಮ್ಮ ಒಂದು ಗಳಿಗೆ ಬೆಚ್ಚಗಿದ್ದು ಬಂದರೆ ತಪ್ಪೇನು?

ಎಂಟನ್ನೂ ಹಳೇ ಸೀರೆ ತುಂಡಿನಲ್ಲಿ ಗಂಟು ಕಟ್ಟಿ, ಮುದ್ದಯ್ಯ ಸೌದೆ ತರಲು ಹೋದ ಹೊತ್ತು ನೋಡಿ, ಬಾಗಿಲು ಸಂದು ಮಾಡಿಕೊಂಡು ಒಳಗೆ ತೂರಿ, ಕೆಳಗಿನ ಅಂಕಣದ ಒಂದು ಕಡ್ಡಿಗೆ ನೇತುಹಾಕಿ ಬಂದಳು. ಮಧ್ಯಾಹ್ನದ ಸಾರು ಇಳಿಸಿ ತೆಗೆದುಕೊಂಡು ಬರುವುದು ಅಂತ ಲೆಕ್ಕ.

ಸಾರು ಇಳಿಸಿ ಬಂದು ನೋಡಿದರೆ, ಬ್ಯಾರನ್ ಬಾಗಿಲಿಗೆ ಅಡ್ಡಲಾಗಿ ಮಂಚ! ಮಂಚದ ಮೇಲೆ ಗಂಡ!

"ಯಾಕ್ರೀ ಇಲ್ಲಿ ಮನಗಿದ್ದೀರಿ?"

"ಎಲೆ ಹಳದಿ ಬಂದದೆ ಕಣಮ್ಮಿ, ಚಿನ್ನದಂಗೆ! ಶಾಖ ಏರಿಸ್ಬುಟ್ಟೆ. ಇನ್ನು ದಂಟು ಒಣಗೋಗಂಟ ಬಾಗ್ಲು ತೆಗೆಯೋ ಹಂಗಿಲ್ಲ. ತೆಗೆದ್ರೆ ಗಾಳಿ ನುಗ್ಗಿ ಸೊಪ್ಪೆಲ್ಲ ಕರ್ರಗಾಯ್ತದೆ."

ಪುಟ್ಟಲಕ್ಷ್ಮಿ ಒಲೆ ನೋಡಿದರೆ ಬೆಂಕಿ ಭುಗಿಲೆನ್ನುತ್ತಿದೆ. "ಒಳಗೆ ಹಲ್ಲಿ ಹೋದಂಗಾಯ್ತು, ಒಂಚೂರು ತೆಗೀರಿ" ಎಂದಳು.

"ಬೇಯ್ಲಿ ಬುಡು."

"ನಮ್ಮ ಬೆಕ್ಕು ಕಾಣ್ತಿಲ್ಲ ಕಣ್ರೀ, ಒಳಗೆ ಸೇರ್ಕೊಂಡೈತೋ ಏನೋ..."

"ಅಗೋ, ನಿನ್ನ ಹಿಂದೆ ಕುಂತದೆ!"

ಬೆಕ್ಕು ತಿರುಗಿ ನೋಡಿ ಮಿಯಾಂ ಎಂದಿತು. ಇಂಥ ಸಮಯದಲ್ಲಿ ಸಾಕಿದ ಪ್ರಾಣಿಯೂ ಕೈಕೊಡುತ್ತದೆ! ಎಂಟು ಕ್ಯಾಸೆಟ್ಟು ಒಳಗಿವೆ ಅಂತ ಬಾಯಿ ಬಿಟ್ಟು ಹೇಳಿದರೆ ಬೆಂಕಿ ಆರಿಸುತ್ತಿದ್ದನೋ ಏನೋ. ಆದರೆ ಅದಕ್ಕಿಂತ ಮೊದಲು ಊರೆಲ್ಲ ಕೇಳುವ ಹಾಗೆ ನಗುತ್ತಿದ್ದ. ಅವಳು ಬಾಯಿ ಬಿಗಿಹಿಡಿದಳು.

ಸಂಜೆಯ ಹೊತ್ತಿಗೆ ಮುದ್ದಯ್ಯ ಮೂಗು ಅರಳಿಸಿದ. "ಏನೋ ವಾಸ್ನೆ!" ಎಂದು ಎದ್ದು ನಿಂತ. ಪಕ್ಕದ ಬ್ಯಾರನ್ನಿನ ನಂಜುಂಡೇಶನನ್ನು ಕೂಗಿದ. ಬ್ಯಾರನ್ನಿಗೆ ಬೆಂಕಿ ಬೀಳುವುದೆಂದರೆ ಆ ಸೀಮೆಯಲ್ಲಿ ಹುಡುಗಾಟವಲ್ಲ. ಇಬ್ಬರೂ ಬೇಟೆನಾಯಿಗಳ ಹಾಗೆ ಮೂಸುತ್ತಾ ಬ್ಯಾರನ್ ಸುತ್ತಲೂ ಸುತ್ತಿದರು.

"ಇದು ಸೊಪ್ಪಿನ ವಾಸ್ನೆ ಅಲ್ಲ ಕಣಣ್ಣ, ಪ್ಲಾಸ್ಟಿಕ್ ಸುಟ್ಟಂಗೈತೆ!" ಎಂದ ನಂಜುಂಡೇಶ.

ಪುಟ್ಟಲಕ್ಷ್ಮಿ ತಡಮಾಡಲಿಲ್ಲ. ಒಳಗೆ ಓಡಿದಳು. ಬಚ್ಚಲೊಲೆಯ ಪಕ್ಕದಲ್ಲಿ ಕೈಗೆ ಸಿಕ್ಕಿದ ರಬ್ಬರ್ ಚಪ್ಪಲಿ ಜೋಡಿಯನ್ನು ಒಲೆಗೆ ತುರುಕಿ, ಹೊಗೆ ದಟ್ಟವಾಗಿ ಏಳುವಂತೆ ಊದಿ, ಹೊರಗೆ ಬಂದು ಕೆಮ್ಮುತ್ತಾ ಹೇಳಿದಳು: "ಅದಾ? ನಮ್ಮ ಬಚ್ಚಲೊಲೆ ವಾಸ್ನೆ ಕಣಪ್ಪ! ಯಾವ್ದೋ ಕಿತ್ತೋದ ಚಪ್ಲಿ ಹಾಕಿದ್ದೆ."

ಇಬ್ಬರಿಗೂ ಹೋದ ಜೀವ ಬಂತು. ಮಾರನೇ ದಿನ ಮುದ್ದಯ್ಯ ರಾವಂದೂರಿಗೆ ಹೊರಟು, ಮನೆಯೆಲ್ಲ ಹುಡುಕಿ, ಕಡೆಗೆ ಬರಿಗಾಲಲ್ಲಿ ಬಸ್ಸು ಹತ್ತಿದ. ಒಲೆಗೆ ಹೋಗಿದ್ದು ಹೋದ ವಾರ ಕೊಂಡ ಹೊಸ ಚಪ್ಪಲಿ!

ಅಂತೂ ಬ್ಯಾರನ್ ಬಾಗಿಲು ತೆಗೆಯುವ ದಿನ ಬಂತು. ಪೂಜೆ ಮಾಡುವ ನೆಪದಲ್ಲಿ ಮೊದಲು ತಾನೇ ನುಗ್ಗಬೇಕೆಂದು ಪುಟ್ಟಲಕ್ಷ್ಮಿ ಊದಿನಕಡ್ಡಿ ಹಿಡಿದು ನಿಂತಿದ್ದಳು. ಆದರೆ ಮುದ್ದಯ್ಯನೇ ಮುಂದಾದ. ಒಳಗಿನಿಂದ ಅವನ ಕೂಗು ಬಂತು.

"ಲೇ ಅಮ್ಮಿ, ಬಾರೇ ಇಲ್ಲಿ! ನಮ್ಮ ಬ್ಯಾರನ್ನಲ್ಲಿ ಜೇನು ಕಟ್ಟದೆ!"

ಜೇನಲ್ಲ, ನಿಂಗಾಜಮ್ಮ. ಗಂಟು ಬಿಚ್ಚಿದರೆ ಎಂಟು ಕ್ಯಾಸೆಟ್ಟು ಒಂದಕ್ಕೊಂದು ತಬ್ಬಿಕೊಂಡು, ಹಪ್ಪಳದ ಹಾಗೆ ಸೊಟ್ಟಗಾಗಿ, ಒಳಗಿನ ಟೇಪು ಒಣ ಶಾವಿಗೆಯಂತೆ ಜೋಲುತ್ತಿತ್ತು. ಈಗ ಬಾಯಿ ಬಿಡದೆ ವಿಧಿಯಿರಲಿಲ್ಲ. ಪುಟ್ಟಲಕ್ಷ್ಮಿ ಎಲ್ಲವನ್ನೂ ಹೇಳಿದಳು, ಚಪ್ಪಲಿಯ ವಿಚಾರ ಸೇರಿಸಿ.

ಮುದ್ದಯ್ಯ ನಕ್ಕ ನಗುವಿಗೆ ಮೇಲಿನ ಅಂಕಣದ ಕಡ್ಡಿ ಎರಡು ಉದುರಿದವು. "ಒಂದೂ ಹಸಿ ಉಳಿದಿಲ್ಲ ಕಣಮ್ಮಿ, ಒಳ್ಳೆ ಹದವಾಗಿ ಬೆಂದವೆ! ಮಾರ್ಕೆಟ್ಗೆ ಹಾಕಿದ್ರೆ ಯಾವ ಗ್ರೇಡು ಕೊಟ್ಟಾರೋ?" ಎಂದ. ಆಮೇಲೆ ಗಂಭೀರವಾಗಿ ಕೆಮ್ಮಿದ. "ಪರೀಕ್ಷೆ ನಡೀದಿದ್ರೆ ಟೇಪು ನಂದು. ಜ್ಞಾಪಕ ಐತಾ?"

ರಮ್ಯಾ ಮೊಬೈಲಿನಲ್ಲಿ ಹುಡುಕಿದಳು. ಕರಿಬಸಪ್ಪ ರಾಶಿರಾಶಿ ಸಿಕ್ಕಿದ. ನಿಂಗಾಜಮ್ಮ ಒಂದು ಸಾಲೂ ಸಿಗಲಿಲ್ಲ. "ಯಾರೂ ಹಾಕೇ ಇಲ್ಲ ಕಣತ್ತೆ" ಎಂದಳು ಪೆಚ್ಚಾಗಿ.

ಪುಟ್ಟಲಕ್ಷ್ಮಿ ಊದಿನಕಡ್ಡಿಯನ್ನು ಗೋಡೆಗೆ ಸಿಕ್ಕಿಸಿ, ಸೆರಗನ್ನು ಮತ್ತೆ ಸೊಂಟಕ್ಕೆ ಬಿಗಿದಳು. "ಪರೀಕ್ಷೆ ನಡೀತದೆ! ಕ್ಯಾಸೆಟ್ ಬೆಂದ್ರೆ ಹಾಡೂ ಬೇಯ್ತದಾ? ಎಂಟಕ್ಕೆ ಎಂಟೂ ನಾನೇ ಹಾಡ್ತೀನಿ. ಒಂದನೇದರ ಮೊದಲ್ನೇ ಪದದಿಂದ ಎಂಟನೇದರ ಮಂಗಳದ ಗಂಟ. ಒಂದು ಸೊಲ್ಲು ತಪ್ಪಿದ್ರೆ ಕೇಳಿ! ರಮ್ಯಾ, ಅವತ್ತು ಮುದ್ದೆ ಕೆಲ್ಸ ನಿಂದು ಕಣವ್ವ."

ಆ ದಿನ ಜಗಲಿ ತುಂಬಿತ್ತು. ಕಟ್ಟುವವರಷ್ಟೇ ಅಲ್ಲ, ಕೆಲಸವಿಲ್ಲದವರೂ ಬಂದು ಒಂದೊಂದು ಕಡ್ಡಿ ಹಿಡಿದು ಕೂತರು. ಪುಟ್ಟಲಕ್ಷ್ಮಿ ಶುರು ಮಾಡಿದಳು. ಎಂಥ ಕಿವಿ ಅವಳದು! ಪದ ಮಾತ್ರವಲ್ಲ, ನಿಂಗಾಜಮ್ಮ ಉಸಿರು ಎಳೆಯುವುದು, ಹಿಂದೆ ದನಿಗೂಡಿಸುವವಳು ಸೊಲ್ಲಿಗೆ ಮೊದಲೇ ಬಾಯಿ ಹಾಕುವುದು, ಎರಡನೇ ಕ್ಯಾಸೆಟ್ಟಿನಲ್ಲಿ ಯಾರೋ ಸೀನುವುದು, ಎಲ್ಲವೂ ಇದ್ದ ಜಾಗದಲ್ಲಿ ಇದ್ದ ಹಾಗೇ ಬಂತು. ಒಂದು ಮುಗಿಯಿತು, ಎರಡು ಮುಗಿಯಿತು. ಕಡ್ಡಿಗಳು ಸರಸರ ತುಂಬಿದವು. ಮೂರನೆಯದಕ್ಕೆ ಹೆಂಗಸರೆಲ್ಲ ಸೊಲ್ಲು ಎತ್ತಿದರು. ನಾಲ್ಕನೆಯದಕ್ಕೆ ಜಯಲಕ್ಷ್ಮಮ್ಮ ಕಣ್ಣೊರೆಸಿಕೊಂಡಳು. ಎದುರು ಮನೆಯ ಕೋಳಿಗಳು ಮತ್ತೆ ಜಗಳ ತೆಗೆದವು, ಒಬ್ಬಳೂ ತಿರುಗಿ ನೋಡಲಿಲ್ಲ! ಬ್ಯಾರನ್ ಒಲೆಗೆ ಸೌದೆ ಜೋಡಿಸುತ್ತಿದ್ದ ಮುದ್ದಯ್ಯನ ಮುಖ ಸಣ್ಣಗಾಗುತ್ತಾ ಬಂತು.

ಪುಟ್ಟಲಕ್ಷ್ಮಿ ಒಂದು ಗುಟುಕು ನೀರು ಕುಡಿದು, ಗೆದ್ದೇಬಿಟ್ಟವಳ ಗತ್ತಿನಲ್ಲಿ ಐದನೆಯದಕ್ಕೆ ಬಾಯಿ ತೆರೆದಳು.

ಏನೂ ಬರಲಿಲ್ಲ.

ಮುಚ್ಚಿ ಮತ್ತೆ ತೆರೆದಳು. ತಲೆಯೊಳಗೆ ಒಂದು ಸೊಲ್ಲಿಲ್ಲ, ಒಂದು ರಾಗವಿಲ್ಲ! ಕೇಳಿಸುತ್ತಿದ್ದುದು ಕುದಿಯುವ ಎಸರಿನ ಗೊಳಗೊಳ, ಕೋಲಿನ ಧಡಧಡ ಮಾತ್ರ. ಆಗ ಅವಳಿಗೆ ಹೊಳೆಯಿತು. ಒಂದರಿಂದಲೇ ಶುರು ಮಾಡಿದ್ದಾಳೆ, ಯಾವಾಗಲೂ. ಐದನೆಯದು ಬರುವ ಹೊತ್ತಿಗೆ ಮುದ್ದೆ ತಿರುವಲು ಒಳಗೆ ಹೋಗಿದ್ದಾಳೆ, ಯಾವಾಗಲೂ. ಮುದ್ದೆ ಬಡಿಸಿ, ಪಾತ್ರೆ ನೆನೆಹಾಕಿ ಹೊರಗೆ ಬರುವಾಗ ಆರನೆಯದು ಶುರುವಾಗಿರುತ್ತಿತ್ತು. ಅಪ್ಪಟ ಚಿನ್ನ ಅಂತ ಊರಿಗೆಲ್ಲ ಸಾರಿದ ಕ್ಯಾಸೆಟ್ಟನ್ನು ಅವಳು ಒಂದು ಸಲವೂ ಕೇಳಿಯೇ ಇರಲಿಲ್ಲ!

"ಹಾಡಕ್ಕ, ಯಾಕೆ ನಿಂತೋಯ್ತು?" ಎಂದಳು ಜಯಲಕ್ಷ್ಮಮ್ಮ. ಕೈಗಳು ನಿಂತವು. ಮೂಲೆಯಲ್ಲಿದ್ದ ಒಬ್ಬಳು ಮಂಡಿ ಮೇಲೆ ಕೈ ಊರಿ ಏಳುವುದಕ್ಕೆ ಅಣಿಯಾದಳು. ಕರಿಬಸಪ್ಪ ಮೂರು ತಿಂಗಳಿಗೆ ಹಾಸಿಗೆ ಬಿಚ್ಚಿದ ಹಾಗಾಯಿತು ಪುಟ್ಟಲಕ್ಷ್ಮಿಗೆ.

ಅಷ್ಟರಲ್ಲಿ ಒಲೆಯ ಕಡೆಯಿಂದ ಒಡಕು ಗಂಟಲೊಂದು ಎದ್ದಿತು.

"ಬಾವಿಗೆ ಹೋದೋಳು ಬಿಂದಿಗೆ ಮರೆತಾಳು,
ಸೇದೋಕೆ ಬಂದೋನು ಹಗ್ಗಾನೇ ಮರೆತಾನು..."

ಮುದ್ದಯ್ಯ! ಬೆಂಕಿ ಕೆದಕುವ ಕೋಲಿನಿಂದ ತಾಳ ಹಾಕುತ್ತಾ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಾಡುತ್ತಿದ್ದಾನೆ. ಏಳುತ್ತಿದ್ದವಳು ಹಾಗೇ ಕೂತಳು. ಬಿಂದಿಗೆಯ ಹಾಡಾಯಿತು, ಅತ್ತಿಗೆ ನಾದಿನಿ ಜಗಳದ ಹಾಡಾಯಿತು, ಕ್ಯಾಸೆಟ್ಟಿನ ಇನ್ನೊಂದು ಬದಿಯ, ಹಸುವಿಗೆ ಕರು ಹುಟ್ಟಿದ ಹಾಡೂ ಆಯಿತು. ಹೆಂಗಸರು ಬಿದ್ದು ಬಿದ್ದು ನಕ್ಕರು, ನಗುತ್ತಲೇ ಕಟ್ಟಿದರು. ಒಳಗೆ ರಮ್ಯಾಳ ಮುದ್ದೆ ಆರುತ್ತಾ ಕೂತಿತ್ತು. ಊಟ ಎಲ್ಲಿ ಅಂತ ಕೇಳುವವರೇ ಇಲ್ಲ!

ಕಡೆಯ ಪದ ಮುಗಿದಾಗ ಜಯಲಕ್ಷ್ಮಮ್ಮ ಕಡ್ಡಿ ಎತ್ತಿ ತೀರ್ಪು ಕೊಟ್ಟಳು. "ಒಬ್ಳೂ ಎದ್ದಿಲ್ಲ ಕಣ್ರಪ್ಪ! ಮುಂದಿನ ಮೂರು ನಮಗೆ ಗೊತ್ತಿರೋವೇ. ಸರಪಣಿ ಗಟ್ಟಿ! ಟೇಪು ಪುಟ್ಟಲಕ್ಷ್ಮಕ್ಕಂದು!" ಕಡ್ಡಿ ಕೆಳಗಿಟ್ಟು ಸೇರಿಸಿದಳು: "ಹಾಕೋಕೆ ಕ್ಯಾಸೆಟ್ಟೇ ಇಲ್ಲ, ಅದು ಬೇರೆ ಮಾತು."

ಜಗಲಿಗೆ ಜಗಲಿಯೇ ಗೊಳ್ಳೆಂದಿತು. ಗೆದ್ದವಳು ಮಾತ್ರ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಎಲೆಯನ್ನು ಮಡಿಸಿದಳು, ಬಿಡಿಸಿದಳು. ಕಡೆಗೆ ಮೆಲ್ಲಗೆ ಗಂಡನ ಕಡೆ ತಿರುಗಿದಳು.

"ಅಲ್ಲಾ, ಸಪ್ಪೆ ಸಪ್ಪೆ ಅಂತಿದ್ರಲ್ಲ, ನಿಮಗೆ ಹೆಂಗ್ರೀ ಅಷ್ಟೂ ಬಾಯಿಪಾಠ?"

ಮುದ್ದಯ್ಯ ಒಲೆಗೆ ಇನ್ನೊಂದು ಸೌದೆ ತಳ್ಳಿ, ಕೈ ಕೊಡವಿಕೊಂಡು ಹೇಳಿದ.

"ಸಪ್ಪೆ ಅನ್ನೋಕೆ ಪೂರ್ತಿ ಕೇಳಿರ್ಬೇಕಲ್ಲಮ್ಮಿ. ಚಿನ್ನ ಅನ್ನೋಕಾದ್ರೆ ಕೇಳ್ದಿದ್ರೂ ನಡೀತದೆ!"